ಅತಿ ಹೆಚ್ಚು ಬೆಳೆದ ಸದಸ್ಯ

ನಮ್ಮ ಭಾವನ ಬಾಯಲ್ಲಿ ಯಾವಾಗಲೂ ಮೊಳೆ ಇರುತ್ತಿತ್ತು. ಬೈಗುಳವಲ್ಲ, ಅವರ ಕಸುಬೇ ಅದು. ಸೋಫಾ, ಕುರ್ಚಿ, ಲಾರಿ ಸೀಟುಗಳಿಗೆ ಸ್ಪ್ರಿಂಗು ಕೂರಿಸಿ, ಫೋಮು ಹಾಕಿ, ಮೇಲೆ ರೆಕ್ಸಿನ್ ಎಳೆದು ಬಿಗಿಯುವ ಕೆಲಸ. ಎಡಗೈ ರೆಕ್ಸಿನ್ ಎಳೆದು ಹಿಡಿಯಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು, ಮೊಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಹಾಗಾಗಿ ಸಣ್ಣ ಮೊಳೆಗಳನ್ನು ಬಾಯಿ ತುಂಬ ಹಾಕಿಕೊಂಡು, ನಾಲಿಗೆಯಿಂದಲೇ ಒಂದೊಂದನ್ನು ತಿರುಗಿಸಿ ತುಟಿಗೆ ತರುತ್ತಿದ್ದರು. ಸುತ್ತಿಗೆಯ ತುದಿಯ ಅಯಸ್ಕಾಂತ ಅದನ್ನು ಎತ್ತಿಕೊಳ್ಳುತ್ತಿತ್ತು. ಟಕ್ಕೆಂದರೆ ಮೊಳೆ ಮರದೊಳಗೆ.

ಬೆಳಗಿನಿಂದ ಹೀಗೆ ಬಾಯಿ ಮುಚ್ಚಿಕೊಂಡಿದ್ದವರಿಗೆ ಸಂಜೆ ಮೊಳೆ ಉಗುಳಿದ ಮೇಲೂ ಮಾತು ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕ ನನ್ನ ಹತ್ತಿರ ಬಂದು ಅತ್ತದ್ದುಂಟು. “ಹೂಂ, ಊಹೂಂ ಬಿಟ್ರೆ ಮೂರನೇದು ಬರಲ್ಲ ಕಣೇ. ಗೋಡೆ ಜೊತೆ ಸಂಸಾರ ಮಾಡಿದ ಹಾಗಿದೆ” ಎನ್ನುತ್ತಿದ್ದಳು. ಬರುಬರುತ್ತಾ ಅವಳಿಗೂ ಅಭ್ಯಾಸವಾಯಿತು. ಅವಳೇ ಕೇಳಿ ಅವಳೇ ಉತ್ತರ ಹೇಳಿಕೊಳ್ಳುತ್ತಿದ್ದಳು.

ನಾನು ಅವಳ ತಂಗಿ. ಭಾವನ ಅಂಗಡಿಗೂ ಅದರ ಪಕ್ಕದ ಅವರ ಮನೆಗೂ ಎದುರು ಸಾಲಿನಲ್ಲೇ ನನ್ನ ಡ್ರೈಕ್ಲೀನಿಂಗ್ ಅಂಗಡಿ. ಇಸ್ತ್ರಿ ಬಿಟ್ಟು ತಲೆ ಎತ್ತಿದರೆ ಗಾಜಿನಾಚೆ ಅವರ ಬಗ್ಗಿದ ಬೆನ್ನು ಕಾಣುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ಈ ಕಥೆ ಹೇಳುವಾಗ ಅದು ಅಲ್ಲಲ್ಲಿ ನುಗ್ಗಿ ಬಂದರೆ ಸಹಿಸಿಕೊಳ್ಳಿ.

ನಮ್ಮ ಪೇಟೆಯಲ್ಲಿ ಗಂಡಸರ ಸೇವಾ ಕ್ಲಬ್ಬೊಂದಿದೆ. ನಡೆಯಲಾಗದವರಿಗೆ ಗಾಲಿಕುರ್ಚಿ, ಕಣ್ಣು ಮಂಜಾದವರಿಗೆ ಕನ್ನಡಕ, ಶಾಲೆಗಳಿಗೆ ಬೆಂಚು ಕೊಡುತ್ತಿರುತ್ತಾರೆ. ಕೊಡುವುದು ನಿಜ, ಸುಳ್ಳು ಹೇಳಬಾರದು. ಒಂದು ಸಲ ಎಲ್ಲಿಂದಲೋ ಹಳೆಯ ಗಾಲಿಕುರ್ಚಿಗಳನ್ನು ತಂದು, ಸೀಟು ಬದಲಾಯಿಸಿಕೊಡಿ ಎಂದು ಭಾವನ ಅಂಗಡಿಯ ಮುಂದೆ ಇಳಿಸಿದರು. ಭಾವ ಅವನ್ನೆಲ್ಲ ಹೊಸದರಂತೆ ಮಾಡಿ ನಿಲ್ಲಿಸಿದರು. ಕ್ಲಬ್ಬಿನ ಹಿರಿತಲೆ, ಒಬ್ಬರು ವಕೀಲರು, ಒಂದೊಂದರ ಮೇಲೂ ಕೂತು ನೋಡಿ, “ಇಂಥ ಕೈ ಇರೋರು ನಮ್ಮ ಜೊತೆ ಇರ್ಬೇಕು ಸ್ವಾಮಿ” ಎಂದು ಅಲ್ಲೇ ಸದಸ್ಯರನ್ನಾಗಿ ಮಾಡಿಕೊಂಡರು. ಬೇಡ ಎನ್ನೋಣವೆಂದರೆ ಭಾವನ ಬಾಯಲ್ಲಿ ಮೊಳೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಭೆ. ಒಂದು ಮಹಡಿ ಕೋಣೆ, ಕಬ್ಬಿಣದ ಕುರ್ಚಿಗಳು, ಮುಂದೆ ಒಂದು ಮರದ ಭಾಷಣದ ಪೀಠ. ಮೊದಲು ಪ್ರತಿಜ್ಞೆ, ಆಮೇಲೆ ಹಿಂದಿನ ವಾರದ ಸೇವೆಯ ವರದಿ, ಚಹಾ ಬಿಸ್ಕತ್ತು. ಕೊನೆಗೆ ‘ಪುರುಷರ ಆತ್ಮವಿಕಾಸ’ ಎಂಬ ಒಂದು ಬಾಬತ್ತು. ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ಬಗ್ಗೆ ಮೂರು ನಿಮಿಷ ಮಾತಾಡಬೇಕು. ಗಂಡಸರು ಮನಸ್ಸಿನಲ್ಲಿರುವುದನ್ನು ಹೇಳಲು ಕಲಿಯಬೇಕು, ಒಳಗೊಳಗೇ ಬೆಳೆಯಬೇಕು ಎಂಬುದು ವಕೀಲರ ಸಿದ್ಧಾಂತ. ಆರಡಿ ಇರುವ ಭಾವ ಇನ್ನೆಷ್ಟು ಬೆಳೆಯಬೇಕೋ ಎಂದು ನಾನು ನಕ್ಕಿದ್ದೆ.

ಆ ಮೂರು ನಿಮಿಷಕ್ಕೆ ಅವರ ನಿಯಮಗಳು ಬಹಳ ಕಟ್ಟುನಿಟ್ಟು. ಮುಂದಿನ ಸಾಲಿನಲ್ಲಿ ಒಬ್ಬ ದನಗಳ ಡಾಕ್ಟರು ಹಿತ್ತಾಳೆಯ ಗಂಟೆ ಇಟ್ಟುಕೊಂಡು ಕೂತಿರುತ್ತಾರೆ. ಸಮಯ ಮುಗಿದೊಡನೆ ಬಾರಿಸುತ್ತಾರೆ. ಬಾರಿಸಿದ ಮೇಲೆ ಒಂದು ಪದವೂ ಆಡಕೂಡದು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಕೊನೆಗೆ ವಕೀಲರು ಎದ್ದು ವಿಮರ್ಶೆ ಮಾಡುತ್ತಾರೆ. ಏನು ಹೇಳಿದ ಎನ್ನುವುದರ ಬಗ್ಗೆ ಅಲ್ಲ, ಹೇಗೆ ಹೇಳಿದ ಎನ್ನುವುದರ ಬಗ್ಗೆ. ಹೇಳಿದ ವಿಷಯವನ್ನು ಮುಟ್ಟಿದರೆ ಸಂಕೋಚವಾಗುತ್ತದೆ, ಮುಂದಿನ ಸಲ ಬಾಯಿ ಬಿಡುವುದಿಲ್ಲ ಎಂದು ಆ ನಿಯಮವಂತೆ. ಮಾತಾಡಿದವನು ವಿಮರ್ಶೆಗೆ ಉತ್ತರ ಕೊಡುವಂತಿಲ್ಲ.

ಭಾವ ಮೊದಲ ಸಲ ಎದ್ದು ನಿಂತಾಗ ತಮ್ಮ ಅಂಗಡಿ ಎಲ್ಲಿದೆ ಎಂದಷ್ಟೇ ಹೇಳಿ ಸುಮ್ಮನಾದರಂತೆ. ಇಡೀ ಹೊತ್ತು ಅವರ ಎಡಗೈ ತೊಡೆಯ ಪಕ್ಕದಲ್ಲಿ ನಡುಗುತ್ತಿತ್ತಂತೆ. ವಕೀಲರು ಧೈರ್ಯವನ್ನು ಹೊಗಳಿ, “ಕೈ ನಡುಗಿತು. ಅದು ಸಭಾಕಂಪನ. ಒಳಗಿನ ಭಯ ಕೈಯಲ್ಲಿ ಕಾಣುತ್ತೆ. ಪ್ರತಿ ವಾರ ಬನ್ನಿ, ಅಭ್ಯಾಸ ಆದಂತೆ ಹೋಗುತ್ತೆ” ಎಂದರಂತೆ.

ಅವತ್ತು ಸಭೆಯಿಂದ ನೇರ ನನ್ನ ಅಂಗಡಿಗೆ ಬಂದರು. ಮುಖ ಅರಳಿತ್ತು.

“ಕೈ ನಡುಗೋದು ಭಯಕ್ಕಂತೆ ಕಣಮ್ಮ” ಎಂದರು.

“ಭಾಷಣ ಮಾಡುವಾಗ ಸರಿ ಭಾವ. ಪೇಪರ್ ಓದುವಾಗ್ಲೂ ನಡುಗುತ್ತಲ್ಲ? ಅಕ್ಕ ಹೇಳ್ತಿದ್ಲು. ಒಂದ್ಸಲ ಡಾಕ್ಟರ್ ಹತ್ರ ತೋರಿಸಿ.”

“ಭಯ ಒಳಗೇ ಇರುತ್ತಂತಲ್ಲ. ಅದಕ್ಕೆ ಪೇಪರ್ ಆದ್ರೇನು, ಸ್ಟೇಜ್ ಆದ್ರೇನು.”

ಎಷ್ಟು ನಿರಾಳವಾಗಿದ್ದರೆಂದರೆ ನನಗೆ ಮುಂದೆ ಮಾತಾಡಲು ಮನಸ್ಸೇ ಬರಲಿಲ್ಲ. ಕೆಲವು ತಿಂಗಳಿಂದ ಎಡಗೈ ಬೆರಳು ಹೇಳಿದ ಮಾತು ಕೇಳುತ್ತಿಲ್ಲ, ರೆಕ್ಸಿನ್ ಬಿಗಿಯುವಾಗ ಸುಕ್ಕು ಉಳಿಯುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ಕೈ ಹೋದರೆ ಅವರಿಗೆ ಬೇರೆ ಬದುಕೇ ಇರಲಿಲ್ಲ. ಕಾಯಿಲೆಯವನು ಎನ್ನಿಸಿಕೊಳ್ಳುವುದಕ್ಕಿಂತ ಹೆದರುಪುಕ್ಕಲ ಎನ್ನಿಸಿಕೊಳ್ಳುವುದು ವಾಸಿ ಎನಿಸಿತೋ ಏನೋ. ಭಯವಾದರೆ ಓಡಿಸಬಹುದಲ್ಲ.

ಓಡಿಸಲು ಟೊಂಕ ಕಟ್ಟಿ ನಿಂತರು. ಬೀರುವಿನ ಕನ್ನಡಿಯ ಮುಂದೆ ನಿಂತು ಒಬ್ಬರೇ ಮಾತಾಡುವರು. ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೊರಡುವಾಗ ಅಕ್ಕ ಬಾಗಿಲವರೆಗೂ ಬಂದು, ಕೋಟಿನ ಕಾಲರು ಸರಿಮಾಡಿ, “ಹೆದರ್ಕೋಬೇಡಿ, ನಾನಿದೀನಿ” ಎನ್ನುವಳು. ಶಾಲೆಗೆ ಕಳಿಸುವ ಮಗುವಿಗೆ ಹೇಳಿದ ಹಾಗೆ ಪ್ರತಿ ವಾರವೂ ಅದೇ ಮಾತು. ನಾನು ಎದುರಿನಿಂದ ನೋಡಿ ಗೇಲಿ ಮಾಡುತ್ತಿದ್ದೆ.

ನಿಜ ಹೇಳಬೇಕೆಂದರೆ ಆ ಕ್ಲಬ್ಬು ಭಾವನಿಗೆ ಮಾತು ಕೊಟ್ಟಿತು. ಒಂದು ವಾರ ಸದಸ್ಯರಿಗೆಲ್ಲ, ಮನೆಯವರಿಗೆ ಇದುವರೆಗೆ ಹೇಳದ ಒಂದು ಒಳ್ಳೆಯ ಮಾತು ಹೇಳಿ ಬನ್ನಿ ಎಂದು ಕೆಲಸ ಕೊಟ್ಟಿದ್ದರಂತೆ. ಭಾವ ಊಟಕ್ಕೆ ಕೂತವರು ತಟ್ಟೆ ನೋಡುತ್ತಾ, “ನೀನು ಮನೇಲಿ ಇಲ್ದಿದ್ರೆ ನಂಗೆ ಈ ಮನೆ ಒಳಕ್ಕೆ ಬರೋಕೇ ಮನಸ್ಸಾಗಲ್ಲ” ಎಂದುಬಿಟ್ಟರು. ಅಕ್ಕ ಬಡಿಸುವುದನ್ನು ಅಲ್ಲೇ ಬಿಟ್ಟು, ಸೌಟು ಹಿಡಿದುಕೊಂಡೇ ರಸ್ತೆ ದಾಟಿ ನನ್ನ ಅಂಗಡಿಗೆ ಓಡಿ ಬಂದಳು. “ಇಷ್ಟು ವರ್ಷ ಆದ್ಮೇಲೆ ಕಣೇ!” ಎಂದು ಅಳುತ್ತಾಳೆ, ನಗುತ್ತಾಳೆ. ಗಿರಾಕಿಗಳು ಅವಳ ಕೈಯ ಸೌಟನ್ನೇ ನೋಡುತ್ತಿದ್ದರು. ಅಷ್ಟು ಸಂತೋಷ ನಾನು ಅವಳ ಮುಖದಲ್ಲಿ ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಆದ್ದರಿಂದಲೇ ನಾನು ಆಸ್ಪತ್ರೆ ಎಂದಾಗಲೆಲ್ಲ ಅಕ್ಕ ಹರಿಹಾಯುತ್ತಿದ್ದಳು. “ಈಗಷ್ಟೇ ಮನುಷ್ಯ ಮಾತಾಡೋಕೆ ಶುರು ಮಾಡಿದಾರೆ. ನೀನು ಅಪಶಕುನ ನುಡೀಬೇಡ. ಕ್ಲಬ್ಬಲ್ಲಿ ಕಡಿಮೆ ಆಗ್ತಿದೆ ಅಂತಾರೆ.”

“ಕಡಿಮೆ ಎಲ್ಲಿ ಆಗ್ತಿದೆ? ಜೇಬಲ್ಲಿ ಕೈ ಹಾಕ್ಕೊಂಡ್ರೆ ಕಡಿಮೆ ಆದ ಹಾಗಾ?”

“ಸುಮ್ನಿರೇ, ದೊಡ್ಡ ಡಾಕ್ಟರ್ ನೋಡು!”

ಜೇಬಿನ ಉಪಾಯ ಹೇಳಿಕೊಟ್ಟವರು ವಕೀಲರೇ. ಎಡಗೈ ಜೇಬಿನಲ್ಲಿ, ಬಲಗೈ ಪೀಠದ ಅಂಚಿನ ಮೇಲೆ. ಹಾಗೆ ನಿಂತರೆ ನಡುಕ ಯಾರಿಗೂ ಕಾಣುವುದಿಲ್ಲ. ಕಾಣದಿದ್ದುದರಿಂದ ಹೋಯಿತೆಂದು ಲೆಕ್ಕ.

ಇನ್ನು ಮುಂದಿನದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಎರಡನೆಯ ವರ್ಷ ಭಾವನ ಮುಖ ಬಿಗಿಯತೊಡಗಿತು. ಮೊದಲಾದರೆ ಮಾತು ಇಲ್ಲದಿದ್ದರೂ ಮುಖದಲ್ಲಿ ನಗು, ಬೇಸರ ಏನಾದರೂ ಕಾಣುತ್ತಿತ್ತು. ಈಗ ಕಣ್ಣು ಮಿಟುಕಿಸುವುದೇ ಅಪರೂಪ. ವಕೀಲರು ವಿಮರ್ಶೆಯಲ್ಲಿ, “ಮುಖದಲ್ಲಿ ಎಂಥ ಸ್ಥಿರತೆ! ಅಳುಕೇ ಇಲ್ಲ” ಎಂದರು. ಮಾತು ನಿಧಾನವಾಯಿತು. “ಮಾತಿಗೆ ತೂಕ ಬಂದಿದೆ” ಎಂದರು. ಸ್ವರ ತಗ್ಗಿತು. “ಅಬ್ಬರ ಇಲ್ಲ, ಆತ್ಮೀಯತೆ ಇದೆ” ಎಂದರು. ಕುರ್ಚಿಯಿಂದ ಪೀಠಕ್ಕೆ ಪುಟ್ಟಪುಟ್ಟ ಹೆಜ್ಜೆಯಿಟ್ಟು ಹೋಗುತ್ತಿದ್ದುದನ್ನು ನೋಡಿ, ಗಡಿಬಿಡಿಯಿಲ್ಲದ ನಡಿಗೆ ಎಂದು ಎಲ್ಲರಿಗೂ ಮಾದರಿಯಾಗಿ ತೋರಿಸಿದರು. ಭಾವನ ಮೈಯಲ್ಲಿ ಕಾಯಿಲೆ ಒಂದೊಂದೇ ಕೋಣೆಯ ಬಾಗಿಲು ಹಾಕುತ್ತಾ ಬರುತ್ತಿತ್ತು, ಇವರು ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ಗಂಟೆ ಹಿಡಿದು ಕೂತಿದ್ದ ದನಗಳ ಡಾಕ್ಟರಿಗೂ ಏನೂ ಕಾಣಲಿಲ್ಲ. ಒಂದು ಎಮ್ಮೆ ಹಾಗೆ ನಡೆದಿದ್ದರೆ ಹಿಡಿದು ನಿಲ್ಲಿಸಿ ನೋಡುತ್ತಿದ್ದರೇನೋ.

ವರ್ಷದ ಕೊನೆಗೆ ‘ಅತಿ ಹೆಚ್ಚು ಬೆಳೆದ ಸದಸ್ಯ’ ಎಂಬ ಫಲಕ ಭಾವನಿಗೆ ಬಂತು. ಮರದ ಹಲಗೆಯ ಮೇಲೆ ಹಿತ್ತಾಳೆಯ ತಗಡು. ಅಕ್ಕ ಅದನ್ನು ನಡುಮನೆಯ ಗೋಡೆಗೆ ಹಾಕಿಸಿದಳು. ಅದಕ್ಕೆ ಮೊಳೆ ಹೊಡೆಯಲು ಭಾವನಿಗೆ ಆಗಲಿಲ್ಲ, ಗೋಡೆಯ ಗಾರೆಯೆಲ್ಲ ಉದುರಿತು. ನಾನೇ ಹೋಗಿ ಹೊಡೆದೆ. ಆವತ್ತು ಭಾವ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಒಂದು ಮಧ್ಯಾಹ್ನ ಇಸ್ತ್ರಿ ಮಾಡುತ್ತಿದ್ದವಳು ತಲೆ ಎತ್ತಿದರೆ ಭಾವನ ಬೆನ್ನು ಕಾಣಲಿಲ್ಲ. ಓಡಿದೆ. ಅರ್ಧ ಬಿಗಿದ ಸೋಫಾ ಪಕ್ಕದಲ್ಲಿ ಮಂಡಿಯೂರಿ ಕೂತು ಕೆಮ್ಮುತ್ತಿದ್ದರು. ಎಂಜಲಿನ ಜೊತೆ ಮೊಳೆಗಳು ನೆಲದ ಮೇಲೆ ಉದುರುತ್ತಿದ್ದವು. ಒಂದನ್ನು ನುಂಗಿದ್ದೇನೆಂದು ಗಂಟಲು ತೋರಿಸಿದರು. ಹುಡುಗನಾಗಿದ್ದಾಗಿನಿಂದ ಬಾಯಲ್ಲಿ ಮೊಳೆ ಇಟ್ಟುಕೊಂಡ ಮನುಷ್ಯ, ಒಂದೇ ಒಂದು ಸಲವೂ ನುಂಗಿದವರಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಫೋಟೋ ತೆಗೆದರು. ಮೊಳೆ ಹೊಟ್ಟೆಗಿಳಿದಿತ್ತು, ತಾನಾಗಿ ಹೋದೀತು, ಕಾದು ನೋಡೋಣ ಎಂದರು. ಆದರೆ ಡಾಕ್ಟರು, ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು, ಫೋಟೋ ಕೆಳಗಿಟ್ಟು ಭಾವನನ್ನೇ ನೋಡತೊಡಗಿದರು. ಎದ್ದು ಬಾಗಿಲವರೆಗೆ ನಡೆದು ಬನ್ನಿ ಎಂದರು. ಬೆರಳು ಬಡಿಯಿರಿ ಎಂದರು. ಕೈ ಹಿಡಿದು ಮೊಣಕೈ ಮಡಚಿ ಬಿಡಿಸಿ ನೋಡಿದರು.

“ಎಷ್ಟು ದಿನದಿಂದ ಈ ನಡುಕ?”

“ಎರಡು ವರ್ಷ ಆಯ್ತು ಮೇಡಂ” ಎಂದರು ಭಾವ. “ಅದು ಸಭಾಕಂಪನ. ಈಗ ಎಷ್ಟೋ ವಾಸಿ. ಫಲಕ ಕೊಟ್ಟಿದಾರೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಆಕೆ ನಗಲಿಲ್ಲ. ಭಾವನ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡು ನಡುಗುತ್ತಿದ್ದ ಕೈಯನ್ನು ತೋರಿಸಿ, “ಇಲ್ಲಿ ಸಭೆ ಎಲ್ಲಿದೆ?” ಎಂದು ಮೆತ್ತಗೆ ಕೇಳಿದರು.

ಪಾರ್ಕಿನ್ಸನ್ ಕಾಯಿಲೆ. ಮುಖದ ಬಿಗಿತ, ತಗ್ಗಿದ ಸ್ವರ, ಸಣ್ಣ ಹೆಜ್ಜೆ, ನುಂಗಲು ಕಷ್ಟ, ಎಲ್ಲವೂ ಅದರದೇ. ಪೂರ್ತಿ ವಾಸಿಯಾಗುವಂಥದ್ದಲ್ಲ, ಆದರೆ ಶುರುವಿನಲ್ಲೇ ಬಂದಿದ್ದರೆ ಮಾತ್ರೆ, ವ್ಯಾಯಾಮದಿಂದ ಈ ಎರಡು ವರ್ಷವೂ, ಇನ್ನು ಮುಂದೆ ಕೆಲವು ವರ್ಷವೂ ಕೈ ಕೆಲಸಕ್ಕೆ ಒದಗುತ್ತಿತ್ತಂತೆ. ಈಗ ಸುತ್ತಿಗೆ ಬೇಡ, ಬಾಯಲ್ಲಿ ಮೊಳೆಯಂತೂ ಕೂಡಲೇ ಕೂಡದು ಎಂದರು. ಅಕ್ಕ ಡಾಕ್ಟರ ಕೈ ಹಿಡಿದುಕೊಂಡು, ಇನ್ನೊಂದು ಸಲ ನೋಡಿ ಎಂದು ಬೇಡಿಕೊಂಡಳು. ಭಾವನ ಮುಖ ಮಾತ್ರ ಇದ್ದಂತೆಯೇ ಇತ್ತು. ಅದು ಸ್ಥಿರತೆಯಲ್ಲ ಎಂದು ಈಗ ನಮಗೆಲ್ಲ ಗೊತ್ತಿತ್ತು.

ಅಂಗಡಿ ಮುಚ್ಚಿತು. ಆ ವಾರ ವಕೀಲರ ಕರೀ ಕೋಟು ನನ್ನ ಅಂಗಡಿಗೆ ಒಗೆಯಲು ಬಂದಿತ್ತು. ಅದರ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಬಿಡೋಣ ಎನ್ನಿಸಿದ್ದು ಸುಳ್ಳಲ್ಲ. ಕೋಟು ಏನು ಮಾಡಿತ್ತು ಪಾಪ ಎಂದು ಸುಮ್ಮನಾದೆ. ವಿಷಯ ತಿಳಿದ ವಕೀಲರೂ ದನಗಳ ಡಾಕ್ಟರೂ ಹಣ್ಣು ಹಿಡಿದು ಮನೆಗೆ ಬಂದರು. ವಕೀಲರ ಕಣ್ಣು ಕೆಂಪಗಿತ್ತು.

“ಒಳ್ಳೇದಾಗ್ಲಿ ಅಂತಲೇ ಹೇಳಿದ್ದು ತಾಯಿ” ಎಂದು ಅಕ್ಕನಿಗೆ ಕೈಮುಗಿದರು.

“ಒಳ್ಳೇದು ಮಾಡೋಕೆ ನಿಮಗೆ ಬೇರೆ ಯಾರೂ ಸಿಗಲಿಲ್ವಾ?” ಎಂದು ನಾನು ಸಿಡಿದೆ.

ಭಾವ ಕೈ ಎತ್ತಿ ನನ್ನನ್ನು ತಡೆದರು. ಒಂದು ಸಲ ಸಭೆಗೆ ಬಂದು ಮಾತಾಡಬೇಕು, ಎಲ್ಲರಿಗೂ ಧೈರ್ಯ ಬರುತ್ತದೆ ಎಂದು ವಕೀಲರು ಕೇಳಿಕೊಂಡರು. ಭಾವ ಆಗಲಿ ಎಂದರು. ನಾನು ಕೂಗಾಡಿದರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಆ ಭಾನುವಾರ ಮನೆಯವರಿಗೂ ಪ್ರವೇಶವಿತ್ತು. ಅಕ್ಕನೂ ನಾನೂ ಎರಡನೆಯ ಸಾಲಿನಲ್ಲಿ ಕೂತೆವು. ಭಾವ ಪೀಠದ ಹತ್ತಿರ ಹೋಗಿ ನಿಂತರು. ಎಡಗೈಯನ್ನು ಜೇಬಿಗೆ ಹಾಕಲಿಲ್ಲ. ಬಲಗೈಯಿಂದ ಪೀಠವನ್ನು ಹಿಡಿಯಲಿಲ್ಲ. ಎರಡೂ ಕೈಗಳನ್ನು ಪೀಠದ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಎಡಗೈ ಮರದ ಮೇಲೆ ಟಪಟಪ ಬಡಿದುಕೊಳ್ಳುತ್ತಿತ್ತು.

“ನಾನು ಇಲ್ಲಿಗೆ ಬಂದಾಗ... ನನಗೆ ಮಾತು ಬರ್ತಿರ್ಲಿಲ್ಲ. ನೀವು ಕಲಿಸಿದ್ರಿ. ಅದನ್ನ ಮರೆಯಲ್ಲ” ಎಂದರು. ಹಿಂದಿನ ಸಾಲಿನವರು ಕೈಯನ್ನು ಕಿವಿಯ ಹಿಂದಿಟ್ಟು ತೋರಿಸಿದರು. ಕೇಳಿಸುತ್ತಿಲ್ಲ ಎನ್ನಲು ಅಲ್ಲಿ ಅದೇ ಸನ್ನೆ. ಭಾವ ಉಸಿರು ಎಳೆದುಕೊಂಡು ಅದೇ ಮಾತನ್ನು ಮತ್ತೆ ಹೇಳಿದರು. ಅದಕ್ಕೇ ಅವರ ಸಮಯದ ಬಹುಪಾಲು ಹೋಯಿತು.

“ಕೈ ನಡುಗಿದಾಗ ಭಯ ಅಂದ್ರಿ. ನಾನೂ ನಂಬಿದೆ. ಅಂಗಡೀಲಿ ಒಬ್ನೇ ಕೂತಾಗ್ಲೂ ನಡುಗೋದು. ಇಲ್ಲಿ ಯಾರಿಗೆ ಹೆದರ್ತೀಯೋ ಹೇಡಿ... ಅಂತ ನನ್ನನ್ನ ನಾನೇ ಬೈಕೊಳ್ತಿದ್ದೆ. ಎರಡು ವರ್ಷ ಬೈಕೊಂಡೆ. ಈಗ ಡಾಕ್ಟ್ರು ಹೇಳಿದಾರೆ, ಅದು ಭಯ ಅಲ್ಲ. ಅಂದ್ರೆ ಆಗ ನಾನು... ಹೆದರಿರ್ಲೇ ಇಲ್ಲ. ಈಗ ನನಗೆ...”

ದನಗಳ ಡಾಕ್ಟರು ಗಂಟೆ ಬಾರಿಸಿದರು.

ಅಭ್ಯಾಸಬಲ. ಬಾರಿಸಿದ ಮೇಲೆ ಅವರೇ ಗಂಟೆಯ ನಾಲಿಗೆ ಹಿಡಿದುಕೊಂಡು ತಲೆ ತಗ್ಗಿಸಿದರು. ಭಾವ ಎರಡು ವರ್ಷ ನಿಯಮ ಕಲಿತವರು, ತೆರೆದ ಬಾಯಿ ಮುಚ್ಚಿದರು. ಕೋಣೆಯಲ್ಲಿ ಚಪ್ಪಾಳೆ ಶುರುವಾಯಿತು, ಎಲ್ಲರೂ ಎದ್ದು ನಿಂತು ತಟ್ಟಿದರು. ಅಕ್ಕ ಸುತ್ತಲೂ ನೋಡುತ್ತಾ ತಾನೂ ಕೈ ಜೋಡಿಸಿದವಳು, ಸದ್ದು ಮಾಡದೆ ಹಾಗೇ ಹಿಡಿದುಕೊಂಡಳು.

ಆಮೇಲೆ ವಕೀಲರು ವಿಮರ್ಶೆಗೆ ಎದ್ದರು. ಎದ್ದೇ ಎದ್ದರು ಪುಣ್ಯಾತ್ಮ! ಏಳದೆ ಇದ್ದರೆ ಆಗುತ್ತಿರಲಿಲ್ಲವೇ? ಕನ್ನಡಕ ತೆಗೆದು ಒರೆಸಿಕೊಂಡರು. ಬಹುಶಃ ಬೇರೇನು ಹೇಳಬೇಕೆಂದು ತಿಳಿಯದೆ ರೂಢಿಯ ಮಾತನ್ನೇ ಹಿಡಿದುಕೊಂಡರು.

“ನಿರೂಪಣೆ ಸರಳವಾಗಿತ್ತು. ಕೈಗಳನ್ನು ಬಚ್ಚಿಡಲಿಲ್ಲ. ಕೊನೆಯ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿದ್ದು... ಬಹಳ ಪರಿಣಾಮಕಾರಿ.”

ನಾನು ಎದ್ದುಬಿಡುತ್ತಿದ್ದೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು. ಮಾತಾಡಿದವರು ವಿಮರ್ಶೆಗೆ ಉತ್ತರ ಕೊಡುವಂತಿಲ್ಲವಾದ್ದರಿಂದ ಭಾವನೂ ತಲೆಯಾಡಿಸಿ ಇಳಿದು ಬಂದರು.

ಟ್ಯಾಕ್ಸಿಯಲ್ಲಿ ಮೂವರೂ ಹಿಂದೆ ಕೂತೆವು, ಭಾವ ನಡುವೆ. ಸೀಟಿನ ಹೊಲಿಗೆ ಬಿಟ್ಟು ಫೋಮು ಹೊರಗೆ ಇಣುಕುತ್ತಿತ್ತು. ಭಾವ ಬಲಗೈ ಬೆರಳಿನಿಂದ ಅದನ್ನು ಒಳಕ್ಕೆ ತಳ್ಳುತ್ತಿದ್ದರು, ಅದು ಮತ್ತೆ ಹೊರಗೆ ಬರುತ್ತಿತ್ತು.

“ಗಂಟೆ ಹೊಡೆದಾಗ ಏನೋ ಹೇಳ್ತಿದ್ರಲ್ಲ ಭಾವ, ಏನದು?” ಎಂದು ಕೇಳಿದೆ.

“ಟೈಮ್ ಆಗೋಯ್ತಲ್ಲಮ್ಮ.”

“ಇಲ್ಲಿ ಗಂಟೆ ಇಲ್ಲ. ಹೇಳಿ.”

ಮತ್ತೆ ಫೋಮನ್ನೇ ಒಳಕ್ಕೆ ತಳ್ಳತೊಡಗಿದರು. ಮೊದಲಿನ ಭಾವನೇ ಬಂದು ಕೂತರೇನೋ, ಇನ್ನು ಹೂಂ, ಊಹೂಂ ಅಷ್ಟೇ ಏನೋ ಎಂದುಕೊಂಡೆ. ಆಮೇಲೆ ಆ ಬಿಗಿದ ಮುಖವನ್ನು ಅಕ್ಕನ ಕಡೆಗೆ ತಿರುಗಿಸಿದರು.

“ಈಗ ನಂಗೆ ಹೆದರಿಕೆ ಆಗ್ತಿದೆ ಕಣೇ” ಎಂದರು.

ಅಕ್ಕ ಬಾಯಿ ತೆರೆದಳು. ಎರಡು ವರ್ಷ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು, ಕಾಲರು ಸರಿಮಾಡಿ ಹೇಳುತ್ತಿದ್ದ ಮಾತು ಅವಳ ನಾಲಿಗೆಯ ಮೇಲೇ ಇತ್ತು. ಅದನ್ನು ಅವಳು ಹೇಳಲಿಲ್ಲ. “ನಂಗೂ ಕಣ್ರೀ” ಎಂದಳು.